ಎಪ್ಪತ್ತಾರರಲ್ಲೊಂದು

ಡಬ್ಬಿಯಲ್ಲಿ ನಾಲ್ಕು ಗೋಡೆ, ಒಂದು ನೆಲ,
ಎರಡು ಅಚ್ಚು, ನಾಲ್ಕು ಚಕ್ರ,
ಬ್ರೇಕಿನ ಸನ್ನೆಕೋಲು ಉಗುರಿನ ಚೂರಿನಷ್ಟು.
ಒಂದೊಂದನ್ನೂ ಬೂದು ಚೌಕಟ್ಟಿನಿಂದ ಬ್ಲೇಡಿನಲ್ಲಿ ಬಿಡಿಸಿ
ಅಂಚು ಉಜ್ಜಿ, ಕುಂಚದ ತುದಿಯಿಂದ ಅಂಟು ಮುಟ್ಟಿಸಿ
ಉಸಿರು ಹಿಡಿಯುತ್ತೇನೆ.
ಹತ್ತು ಎಣಿಸುವಷ್ಟರಲ್ಲಿ ಮೂಲೆಗೆ ಮೂಲೆ ಕೂತಿರಬೇಕು,
ಇಲ್ಲದಿದ್ದರೆ ಜನ್ಮಪೂರ್ತಿ ಸೊಟ್ಟ:
ಮೂರು ಚಕ್ರ ಹಳಿಯ ಮೇಲೆ, ನಾಲ್ಕನೆಯದು ಗಾಳಿಯಲ್ಲಿ.

ಚಹಾ ಇಟ್ಟು ಎಲಿನೆಡ್ ಕೇಳುತ್ತಾಳೆ,
"ಇದು ಎಷ್ಟನೆಯದು, ಮೆರ್ಫಿನ್?"
ಇನ್ನೂರ ಹನ್ನೆರಡು.
"ನನಗಂತೂ ಎಲ್ಲ ಒಂದೇ ಥರ ಕಾಣುತ್ತವೆ."

ಒಂದೇ ಥರ ಅಲ್ಲ.
ಇದರ ಎಡಬದಿಗೆ, ಮೇಲಿಂದ ನಾಲ್ಕನೆಯ ಹಲಗೆ ಹೊಸದು,
ಬಣ್ಣ ಕಾಣದ ಹಸಿ ಮರ.
ಗಣಿ ಮಾಲೀಕನ ಹೆಸರು ಉದ್ದಕ್ಕೂ ಬಿಳಿ ಅಕ್ಷರದಲ್ಲಿತ್ತು;
ಆ ಹಲಗೆ ಬಂದಮೇಲೆ ಒಂದಕ್ಷರಕ್ಕೂ ಸೊಂಟವಿಲ್ಲ.
ಗಣಿಯೇ ಸರ್ಕಾರದ್ದಾಗಿತ್ತು, ತಿದ್ದುವವರು ಯಾರು?
ಕಿಟ್ಟಿನ ಕಾಗದದಲ್ಲಿ ಇದೆಲ್ಲ ಇಲ್ಲ.
ನನ್ನ ನೋಟುಪುಸ್ತಕದಲ್ಲಿದೆ.

ಐವತ್ತೆಂಟರಿಂದ ಅರವತ್ತೊಂದರವರೆಗೆ
ರಿಮ್ನಿ ಕಣಿವೆಯ ಕೆಳಗಿನ ಸೈಡಿಂಗಿನಲ್ಲಿ
ನಾನು ವ್ಯಾಗನ್ ಪರೀಕ್ಷಕ.
ಉದ್ದ ಹಿಡಿಯ ಸುತ್ತಿಗೆ, ಜೇಬು ತುಂಬ ಕೆಂಪು ಚೀಟಿ.
ಚಕ್ರಕ್ಕೆ ತಟ್ಟಿದಾಗ ಗಂಟೆಯ ಹಾಗೆ ಓಗೊಟ್ಟರೆ ಸರಿ,
ಒಡಕು ಮಡಕೆಯ ದನಿ ಬಂದರೆ ಚೀಟಿ.
ಆಮೇಲಾಮೇಲೆ ತಟ್ಟುವ ಕೆಲಸವೂ ಉಳಿಯಲಿಲ್ಲ.
ಮರದ್ದೆಲ್ಲ ಹೋಗಲಿ, ಉಕ್ಕಿನದು ಬರಲಿ, ಅಂತ ಮೇಲಿನಿಂದ ಕಾಗದ.
ಚೀಟಿ ಸಿಕ್ಕಿಸು, ನಂಬರು ಬರೆ, ಮುಂದಿನದು.
ಶುಕ್ರವಾರ ಸಾಲಾಗಿ ನಿಲ್ಲಿಸಿ ಬೆಂಕಿ ಇಡುತ್ತಿದ್ದರು.
ಹಲಗೆ ಸಂದಿಯ ನಲವತ್ತು ವರ್ಷದ ಕಲ್ಲಿದ್ದಲ ಪುಡಿ
ಮರಕ್ಕಿಂತ ಮೊದಲು ಹೊತ್ತಿಕೊಳ್ಳುತ್ತಿತ್ತು.
ಬೆಳಿಗ್ಗೆ ಬೂದಿಯಲ್ಲಿ ಬೋಲ್ಟು ಆರಿಸುವ ಹುಡುಗರು.
ನನಗೆ ಏನೂ ಅನಿಸಲಿಲ್ಲ. ಇಪ್ಪತ್ತೆರಡು ವಯಸ್ಸು,
ಶನಿವಾರ ರಗ್ಬಿ ಇರುತ್ತಿತ್ತು.

ಪುಸ್ತಕದಲ್ಲಿ ನಾಲ್ಕು ಸಾವಿರದ ಮುನ್ನೂರ ಏಳು ನಂಬರು.
ನಾನು ಕಟ್ಟುವುದು ಮೂರು ವಾರಕ್ಕೊಂದು.
ಎಲಿನೆಡ್ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿ ನಕ್ಕಳು:
"ಇನ್ನು ಇನ್ನೂರ ಮೂವತ್ತಾರು ವರ್ಷ. ಅಂಟು ತರಿಸಿಡು."
ಅಳತೆ ಎಪ್ಪತ್ತಾರರಲ್ಲೊಂದು.
ಆ ಬೆಂಕಿಯ ಎಪ್ಪತ್ತಾರರಲ್ಲೊಂದು ಪಾಲು ಎಷ್ಟಾದೀತು?
ಕಡ್ಡಿ ಗೀರಿದಷ್ಟೇ ಇರಬೇಕು.

ಹೊಟ್ಟೆಯಡಿ ಸೀಸದ ತುಂಡು ಅಂಟಿಸುತ್ತೇನೆ,
ಹಗುರವಾದದ್ದು ಪಾಯಿಂಟಿನಲ್ಲಿ ಹಳಿ ತಪ್ಪುತ್ತದೆ.
ಕೊನೆಗೆ ಕಿವಿಯ ಹತ್ತಿರ ಹಿಡಿದು
ಉಗುರಿನಿಂದ ಚಕ್ರ ತಟ್ಟುತ್ತೇನೆ.
ಪ್ಲಾಸ್ಟಿಕ್ಕು. ಸದ್ದೇ ಇಲ್ಲ.

ಅದರ ಬಣ್ಣ ಆರಿದ ವಾರ ಚಾಪೆಲ್ಲಿನ ಸಭಾಂಗಣದಲ್ಲಿ ಪ್ರದರ್ಶನ.
ಗೆಥಿನ್ ಅಂತ ಒಬ್ಬ ಹುಡುಗ, ಹಲ್ಲಿಗೆ ತಂತಿ, ಕೈಯಲ್ಲಿ ಜೆರಾಕ್ಸ್ ಪಟ್ಟಿ,
ಮೇಜಿಗೆ ಗದ್ದ ಊರಿ ನನ್ನ ಗೂಡ್ಸು ನೋಡಿದ.
ಬಹಳ ಹೊತ್ತು ನೋಡಿದ.
"ತಾತ, ತಪ್ಪಾಗಿದೆ. ನಿಮ್ಮ ಎಂಜಿನ್ನು ಅರವತ್ತೆರಡರದ್ದು.
ಈ ಐದನೆಯ ವ್ಯಾಗನ್ನು ಐವತ್ತೊಂಬತ್ತರಲ್ಲೇ ಸುಟ್ಟಿದ್ದಾರೆ.
ನೋಡಿ, ಇಲ್ಲಿದೆ."
ಗೊತ್ತು ಮಗು, ಅಂದೆ.
"ಮತ್ತೆ ಯಾಕೆ ಓಡ್ತಿದೆ?"
ಅವನ ತಾಯಿಗೆ ಮುಜುಗರ. ಬಿಡೋ, ಅಂದಳು,
ಅದರ ಹಣೆಬರಹ ಗಟ್ಟಿಯಿತ್ತೇನೋ.
ನಾನು ಪಟ್ಟಿ ಇಸಿದುಕೊಂಡೆ. ಹಿಂದಕ್ಕೆ ವಾಲಿದ ಏಳು,
ಬಾಲ ಮುರಿದ ಒಂಬತ್ತು, ಮೂಲೆಯಲ್ಲಿ ಎಣ್ಣೆಯ ಹೆಬ್ಬೆಟ್ಟು.
ಹಣೆಬರಹ ಅಲ್ಲಮ್ಮ, ಅಂದೆ.
ನನ್ನ ಕೈಬರಹ.

ಹುಡುಗನಿಗೆ ಅದು ಬೇಕಿರಲಿಲ್ಲ. ತಪ್ಪು ತಪ್ಪೇ ಅಂತ
ಕೆಂಪು ಪೆನ್ನಿನಲ್ಲಿ ಏನೋ ಗುರುತು ಹಾಕಿಕೊಂಡ.
ನಾನು ಗುಬುಟು ತಿರುಗಿಸಿದೆ. ಐದನೆಯದು
ಸೊಂಟವಿಲ್ಲದ ಹೆಸರು ಹೊತ್ತು ಪಾಯಿಂಟು ದಾಟಿತು,
ಸ್ವಲ್ಪ ತೂಗಾಡಿತು, ಸುರಂಗ ಹೊಕ್ಕಿತು.
ಅವನು ಮೇಜಿನ ಆ ತುದಿಗೆ ಓಡಿದ,
ಬರುತ್ತದೋ ಇಲ್ಲವೋ ಎಂದು.